ಗುಂಗುರು ಕೂದಲಿನ ದರ್ಬಾರು

ನಾನು ಹುಟ್ಟಿದ್ದು ದನದ ಕೊಟ್ಟಿಗೆಗೂ ಪಡಸಾಲೆಗೂ ನಡುವಿನ ಇಕ್ಕಟ್ಟಿನಲ್ಲಿ, ಭತ್ತದ ಚೀಲಗಳ ಮರೆಯಲ್ಲಿ. ಮನೆಯಲ್ಲಿ ಬಾಣಂತಿ ಕೋಣೆ ಇರಲಿಲ್ಲವೆಂದಲ್ಲ. ಸುಣ್ಣ ಬಳಿದ, ಗಾಳಿ ಬೆಳಕು ಹದವಾಗಿದ್ದ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಕೋಣೆಯೊಂದು ಇತ್ತು. ಆದರೆ ಅವ್ವನಿಗೆ ನೋವು ಶುರುವಾದ ಹೊತ್ತಿಗೆ ಅದರೊಳಗೆ ನಾಯಿಯೊಂದು ಮರಿ ಹಾಕುತ್ತಿತ್ತು. ಅಪ್ಪ ಎರಡೂ ಕಡೆಯ ಸಂಕಟವನ್ನು ತೂಗಿ ನೋಡಿದನಂತೆ. ನಾಯಿಗೆ ಅದು ಚೊಚ್ಚಲು, ಅವ್ವನಿಗೆ ಎರಡನೆಯದು. ತೀರ್ಪು ನಾಯಿಯ ಕಡೆಗಾಯಿತು. ಇದನ್ನೆಲ್ಲ ನನಗೆ ಹೇಳಿದವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು ನಮ್ಮ ಮನೆಯ ದೇವರು, ಒಲೆ ಮತ್ತು ಜಗಳ ಮೂರನ್ನೂ ವಹಿಸಿಕೊಂಡಿದ್ದ ನನ್ನ ಅತ್ತೆ. ಹೇಳಿದ ಮೇಲೆ ಕೊನೆಗೊಂದು ಮಾತು ಸೇರಿಸುತ್ತಿದ್ದಳು:

"ಆ ನಾಯಿಗೆ ನಾಕು ಮರಿ, ನಿಮ್ಮವ್ವಗ ನೀ ಒಬ್ಬಾಕಿ. ಲೆಕ್ಕದಾಗೂ ಸೋತ್ಲು ನಿಮ್ಮವ್ವ."

ನಮ್ಮದು ಗಂಗಾವತಿಯ ಕಡೆ, ಮರಳಿ ಎಂಬ ಊರಿಗೆ ಹತ್ತಿರದ ಹಳ್ಳಿ. ಹಿತ್ತಲ ಬಾಗಿಲು ತೆಗೆದರೆ ಕಾಲುವೆ. ರಾಯರ ಕಾಲದ್ದು ಅದು. ನೀರಿಗಿಳಿಯುವ ಕಲ್ಲಿನ ಪಾವಟಿಗೆಗಳು ಸವೆದು ಒರಳಿನಂತೆ ನುಣುಪಾಗಿದ್ದವು. ಅದರಾಚೆ ಭತ್ತದ ಗದ್ದೆ, ಗದ್ದೆಯಾಚೆ ಕೆರೆ. ಚಳಿಗಾಲ ಬಂತೆಂದರೆ ಆ ಕೆರೆಗೆ ಎಲ್ಲೆಲ್ಲಿಯದೋ ಬಾತುಕೋಳಿಗಳು ಬಂದಿಳಿಯುತ್ತಿದ್ದವು. ಅವುಗಳ ಹಿಂದೆಯೇ ನಮ್ಮ ಜಾಗೀರದಾರರು ಬಂದಿಳಿಯುತ್ತಿದ್ದರು. ಅಪ್ಪ ಅವರ ಕೈಕೆಳಗಿನ ಮಾಲಿಪಾಟೀಲ, ಊರಿನ ಕಂದಾಯ ಎತ್ತಿ ಕೊಡುವವನು. ರೈಲಿನ ಕೆಲಸಕ್ಕೆಂದು ಕೊಪ್ಪಳಕ್ಕೆ ಬಂದಿದ್ದ ಬಿಳಿಯ ಸಾಹೇಬನೊಬ್ಬ ತನ್ನ ದೇಶದ ಒಂದು ಜೋಡಿ ನಾಯಿಯನ್ನು ಹೋಗುವಾಗ ಜಾಗೀರದಾರರಿಗೆ ನಜರಾಗಿ ಕೊಟ್ಟು ಹೋದನಂತೆ. ಅವರಿಗೆ ಶಿಕಾರಿಯೆಂದರೆ ಪ್ರಾಣ, ಆದರೆ ನಮಾಜು ಮಾಡುವ ಮನೆಯೊಳಗೆ ನಾಯಿ ಕಾಲಿಡುವಂತಿಲ್ಲ. ಹೀಗಾಗಿ ಜೋಡಿ ನಮ್ಮ ಮನೆಗೆ ಬಂತು. ಉಳ್ಳಾಗಡ್ಡಿಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಅತ್ತೆಯಿದ್ದ ಮನೆ ಬೇಟೆನಾಯಿಗಳ ತವರುಮನೆಯಾಯಿತು. ಶಿಕಾರಿ ಮುಗಿಸಿ ಡೇರೆಯಲ್ಲಿ ಮಾಂಸ ತಿಂದು ಬಂದ ನಾಯಿಗಳನ್ನು ಅವಳು ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿ ಗೋಮೂತ್ರ ಚಿಮುಕಿಸಿ, ಅವು ಮೈ ಕೊಡವಿದಾಗ ತಾನೂ ಶುದ್ಧಳಾಗಿ, ಆಮೇಲೆ ಒಳಗೆ ಬಿಡುತ್ತಿದ್ದಳು.

ಅವು ನೀರಿನ ನಾಯಿಗಳು. ಗುಂಡು ತಗುಲಿ ಕೆರೆಯ ನಡುವೆ ಬಿದ್ದ ಹಕ್ಕಿಯನ್ನು ಈಜಿ ಹೋಗಿ ಕಚ್ಚಿಕೊಂಡು ತಂದು ಯಜಮಾನನ ಕೈಗೆ ಕೊಡುವುದು ಅವುಗಳ ಕುಲಕಸುಬು. ಕಿವಿಯಿಂದ ಬಾಲದ ತುದಿಯವರೆಗೆ ಮೈಯೆಲ್ಲ ಹೆಸರುಕಾಳಿನಷ್ಟು ಸಣ್ಣ ಸುರುಳಿ, ಒಂದಕ್ಕೊಂದು ಒತ್ತಾಗಿ ಕೂತ ಗುಂಗುರು. ಮುಖ ಮಾತ್ರ ನುಣುಪು. ಎಷ್ಟು ಹೊತ್ತು ನೀರಿನಲ್ಲಿದ್ದರೂ ಮೇಲೆ ಬಂದು ಒಮ್ಮೆ ಮೈ ಕೊಡವಿದರೆ ಸಾಕು, ಚರ್ಮಕ್ಕೆ ಹನಿ ತಾಗಿರುತ್ತಿರಲಿಲ್ಲ. ಊರವರು ಅವನ್ನು ಕುರಿನಾಯಿ ಎನ್ನುತ್ತಿದ್ದರು. ಒಬ್ಬ ಕುರುಬರ ಮುದುಕ ನಿಜವಾದ ಕಾಳಜಿಯಿಂದಲೇ ಅಪ್ಪನನ್ನು ಕೇಳಿದ:

"ಪಾಟೀಲ್ರ, ಇವಕ್ಕ ಉಣ್ಣಿ ಯಾವಾಗ ಕತ್ತರಸ್ತೀರಿ? ಹೇಳಿದ್ರ ನಮ್ಮ ಹುಡುಗೂರ್ನ ಕಳಸ್ತೀನ್ರಿ."

ಆ ವರ್ಷವಿಡೀ ಮುದುಕನ ಕುರಿಗಳು ಕೆರೆ ಏರಿಯ ಮೇಲೆ ಮೇಯುವಂತಿರಲಿಲ್ಲ.

ಆ ಕೂದಲಿಗೆ ಬಾಚಣಿಗೆ ತಾಕಿಸಬಾರದು, ತಾಕಿಸಿದರೆ ಸುರುಳಿ ಬಿಚ್ಚುತ್ತದೆ. ದಿನಾ ಮುಂಜಾನೆ ಅಪ್ಪ ತಾಮ್ರದ ತಂಬಿಗೆಯ ನೀರಿನಲ್ಲಿ ಕೈ ಅದ್ದಿ, ಒಂದೊಂದು ನಾಯಿಯ ಮೈಯನ್ನೂ ಅಂಗೈಯಿಂದ ಸುತ್ತಿ ಸುತ್ತಿ ಉಜ್ಜುತ್ತಿದ್ದ. ಅಷ್ಟು ಮೆತ್ತಗಿನ ಕೈ ಅವನಿಗೆ ಇತ್ತೆಂಬುದು ನಾಯಿಗಳಿಂದಲೇ ನಮಗೆ ತಿಳಿದದ್ದು. ಅವ್ವನ ತಲೆಗೂದಲಿಗೆ ಅವನ ಕೈ ಹೋದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಅದು ಉಜ್ಜಲಿಕ್ಕಲ್ಲ. ಕರೆದ ಹಾಲು ಮೊದಲು ನಾಯಿಗಳಿಗೆ, ಆಮೇಲೆ ದೇವರಿಗೆ, ಉಳಿದದ್ದು ಹೆಪ್ಪಿಗೆ, ಮಕ್ಕಳಿಗೆ ಮಜ್ಜಿಗೆ. ನಾಯಿಗಳ ಜೊತೆ ಉರ್ದುವಿನಲ್ಲಿ ಮಾತನಾಡಬೇಕು, ಯಾಕೆಂದರೆ ಶಿಕಾರಿಯ ದಿನ ಅವಕ್ಕೆ ಹುಕುಂ ಕೊಡುವವರು ಜಾಗೀರದಾರರು. ಬೈಠ್ ಎಂದರೆ ಕೂಡಬೇಕು, ಛೋಡ್ ಎಂದರೆ ಬಿಡಬೇಕು, ಲಾವ್ ಎಂದರೆ ಜೀವ ಹೋದರೂ ತರಬೇಕು. ಅತ್ತೆ ಮಡಿಯುಟ್ಟುಕೊಂಡು ಒಲೆಯ ಮುಂದಿನಿಂದಲೇ "ಬೈಠೋ ಬೇಗಂ, ನಿನ್ನ ಹೆಣಾ ಎತ್ಲಿ, ಬೈಠೋ" ಎಂದು ಕೂಗುತ್ತಿದ್ದಳು. ನಮ್ಮ ಮನೆಯಲ್ಲಿ ಸರ್ಕಾರದ ಭಾಷೆಯನ್ನು ತಪ್ಪಿಲ್ಲದೆ ತಿಳಿದುಕೊಳ್ಳುತ್ತಿದ್ದವು ನಾಯಿಗಳು ಮಾತ್ರ.

ಬಾಯಿಯ ನಯ ಎನ್ನುವುದೊಂದು ಪಾಠವಿತ್ತು. ತಂದ ಹಕ್ಕಿಗೆ ಹಲ್ಲಿನ ಗುರುತು ಬೀಳಬಾರದು. ಬೇರೆ ಕಡೆ ಇದನ್ನು ಮೊಟ್ಟೆಯಿಟ್ಟು ಕಲಿಸುತ್ತಾರಂತೆ. ನಮ್ಮ ಹೊಸ್ತಿಲು ದಾಟಿ ಮೊಟ್ಟೆ ಬರುವಂತಿರಲಿಲ್ಲವಾದ್ದರಿಂದ ಮಾಗಿದ ಪೇರಲಹಣ್ಣು ಇಡುತ್ತಿದ್ದರು. ಅಪ್ಪ ಕಾಲುವೆಗೆ ಹಣ್ಣು ಎಸೆಯುವುದು, ನಾಯಿ ತಂದು ಅಂಗೈ ಮೇಲೆ ಇಡುವುದು, ಅಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುವುದು. ಗೆರೆಯೊಂದು ಕಂಡರೂ ಆ ನಾಯಿಗೆ ಅಂದು ಉಪವಾಸ. ಈ ಪಾಠದಲ್ಲಿ ಬೇಗಂ ಎಂಬ ಹೆಣ್ಣುನಾಯಿಯನ್ನು ಮೀರಿಸಿದವರಿಲ್ಲ. ಕಾಚಿನ ಬಣ್ಣದ, ಮುದುಕಿಯ ಗಾಂಭೀರ್ಯದ ನಾಯಿ ಅದು. ಒಮ್ಮೆ ಅದು ತಂದ ಹಣ್ಣು ಹೇಗೋ ದೇವರ ಗೂಡಿಗೆ ಹೋಗಿ ನೈವೇದ್ಯವಾಗಿಬಿಟ್ಟಿತು. ಅತ್ತೆ ಮೂರು ಹೊತ್ತು ನೀರು ಮುಟ್ಟಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ವಾದ ಮಾಡಿದ:

"ಅಕ್ಕಾ, ಹಲ್ಲ ಹತ್ತಿಲ್ಲ. ಹಲ್ಲ ಹತ್ತದ್ದು ಎಂಜಲಾ ಹೆಂಗ ಆಗತೈತಿ?"

"ನಿನ್ನ ದೇವರು ಬ್ಯಾರೆ ಐತಿ ಬಿಡಪಾ. ನಾಕು ಕಾಲಿಂದು."

ಇನ್ನೊಂದು ಪಾಠ ಸದ್ದಿನದು. ಬಂದೂಕಿನ ಸದ್ದಿಗೆ ಬೆಚ್ಚುವ ನಾಯಿ ಶಿಕಾರಿಗೆ ಬಾರದು. ಅಪ್ಪ ಎಳೆಯ ನಾಯಿಗಳನ್ನು ಅಂಗಳದಲ್ಲಿ ಕೂಡಿಸಿ ಅವುಗಳ ತಲೆಯ ಹಿಂದೆ ಬಂದೂಕು ಹಾರಿಸುತ್ತಿದ್ದ. ನಾಯಿಗಳ ಪಕ್ಕದಲ್ಲಿ ನನ್ನನ್ನೂ ಅಣ್ಣನನ್ನೂ ನಿಲ್ಲಿಸುತ್ತಿದ್ದ. ಖರ್ಚಾಗುವ ಮದ್ದು ಹೇಗೂ ಒಂದೇ, ಮಕ್ಕಳೂ ಕಲಿಯಲಿ ಎಂಬ ಮಿತವ್ಯಯ. ನಾನು ಕಣ್ಣು ಮಿಟುಕಿಸುತ್ತಿರಲಿಲ್ಲ. ಅಣ್ಣ ಮೊದಲ ಸಲ ಬೆಚ್ಚಿದ, ಎರಡನೆಯ ಸಲ ಅತ್ತ, ಮೂರನೆಯ ಸಲ ಚಡ್ಡಿ ಒದ್ದೆ ಮಾಡಿಕೊಂಡ. ಅಪ್ಪ ಬೈಯಲಿಲ್ಲ. ಬೈಯುವುದು ತಿದ್ದಬಹುದಾದವರಿಗೆ. ಮರುವಾರ ಅಣ್ಣನನ್ನು ಬಂಡಿ ಹತ್ತಿಸಿ ಬೇವೂರಿಗೆ, ಅವ್ವನ ತವರಿಗೆ, ಕಳಿಸಿದ. ಓದಲಿಕ್ಕೆ ಎಂದು ಊರಿಗೆ ಹೇಳಿದ್ದು. ಹಬ್ಬಕ್ಕೆ ಬಂದಾಗ ಅಣ್ಣ ನೆಂಟರ ಹುಡುಗನಂತೆ ಪಡಸಾಲೆಯ ಅಂಚಿನಲ್ಲಿ ಕೂಡುತ್ತಿದ್ದ. ಅವ್ವ ಅವನ ತಟ್ಟೆಗೆ ತುಪ್ಪ ಹಾಕುವಾಗ ಅಪ್ಪನ ಕಡೆ ನೋಡಿ ಹಾಕುತ್ತಿದ್ದಳು. ಆ ಮನೆಯಲ್ಲಿ ಕೆಲಸಕ್ಕೆ ಬಾರದ್ದು ಉಳಿಯುವುದಿಲ್ಲ ಎನ್ನುವುದನ್ನು ನನಗೆ ಯಾರೂ ಕೂಡಿಸಿಕೊಂಡು ಹೇಳಬೇಕಾಗಲಿಲ್ಲ.

ಇನ್ನು ದರ್ಬಾರು. ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಒಂದು ಬಿಸಿಲಿನ ದಿನ ಅಪ್ಪ ರುಮಾಲು ಸುತ್ತಿಕೊಂಡು, ಕಂದಾಯದ ಜಮಾಬಂದಿಗೆ ತೊಡುವ ಕೋಟು ತೊಟ್ಟು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಮಣೆ ಹಾಕಿ ಕೂಡುತ್ತಿದ್ದ. ಬೇಗಂಳನ್ನು ಮೊದಲೇ ಕೋಣೆಯಲ್ಲಿ ಸರಪಳಿ ಹಾಕಿ ಕಟ್ಟಿ, ಕದ ಮುಚ್ಚಿರಬೇಕು. ಒಂದೊಂದೇ ಮರಿಯನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಬಿಡುವುದು, ಬಿಸಿಲಿಗೆ ಒಣಗುವ ತನಕ ಎಲ್ಲರೂ ಸುಮ್ಮನೆ ಕಾಯುವುದು. ಒಣಗುತ್ತ ಕೂದಲು ಸುರುಳಿಗೊಂಡರೆ ಅಪ್ಪ "ಕಾಯಂ" ಎನ್ನುತ್ತಿದ್ದ. ನೆಟ್ಟಗೆ ನಿಂತರೆ "ಬರ್ಖಾಸ್ತು." ಕಾಯಂ ಆದವನ್ನು ಅತ್ತೆ ಮೊರದಲ್ಲಿ ಹಾಕಿಕೊಂಡು ಆರತಿ ಎತ್ತುತ್ತಿದ್ದಳು, ಅವ್ವ ಗೋಧಿಹುಗ್ಗಿ ಮಾಡುತ್ತಿದ್ದಳು. ಬರ್ಖಾಸ್ತಾದವು ಗೋಣಿಚೀಲಕ್ಕೆ, ಜೊತೆಗೊಂದು ಕಲ್ಲು. ಚೀಲವನ್ನು ಆಳಿನ ಕೈಗೆ ಕೊಡದೆ ಅಪ್ಪ ತಾನೇ ಹೊತ್ತು ಕಾಲುವೆಗೆ ಹೋಗುತ್ತಿದ್ದ. ಹೊಣೆ ಹೊತ್ತವನು ಅದನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು ಎಂಬುದು ಅವನ ನೀತಿ. ಬಂದು ಕೈಕಾಲು ತೊಳೆದು ನಮ್ಮೆಲ್ಲರ ಜೊತೆ ಹುಗ್ಗಿಗೆ ಕೂಡುತ್ತಿದ್ದ. ಹುಗ್ಗಿ ಯಾವಾಗಲೂ ಚೆನ್ನಾಗಿರುತ್ತಿತ್ತು.

ಒಂದು ವರ್ಷ ಈ ಕ್ರಮ ತಪ್ಪಿತು. ಬೇಗಂ ಐದು ಮರಿ ಹಾಕಿದ ಕೆಲವೇ ದಿನಕ್ಕೆ ಜಾಗೀರದಾರರು ಅಪ್ಪನನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು, ಏನೋ ತಂಟೆ, ಸಾಕ್ಷಿ ಹೇಳಲಿಕ್ಕೆ. ಅಪ್ಪ ತಿರುಗಿ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು. ದರ್ಬಾರಿಲ್ಲದೆ ಮರಿಗಳು ಬೆಳೆದವು. ಅವುಗಳಲ್ಲಿ ಒಂದು ಕರಿಯದು. ಅದಕ್ಕೆ ನಾನು ಕರಿಯಾ ಎಂದು ಹೆಸರಿಟ್ಟೆ. ನಮ್ಮ ಮನೆಯ ನಾಯಿಗಳಿಗೆ ನವಾಬ, ಬೇಗಂ, ವಜೀರ ಎಂದು ಅಪ್ಪನೇ ಹೆಸರಿಡಬೇಕಿತ್ತು. ಕನ್ನಡದ ಹೆಸರು ಕಂಡ ನಾಯಿ ಅದೊಂದೇ, ಕನ್ನಡಕ್ಕೆ ಓಗೊಡುತ್ತಿದ್ದದ್ದೂ ಅದೊಂದೇ. ಅವ್ವ ಬಟ್ಟೆ ಒಗೆಯಲು ಕಾಲುವೆಗೆ ಹೋದರೆ ನಾನು ಹಿಂದೆ, ನನ್ನ ಹಿಂದೆ ಅದು. ಒಂದು ದಿನ ಅವ್ವನ ಕೈಯಿಂದ ನನ್ನ ಪರಕಾರ ಜಾರಿ ತೇಲಿಹೋಯಿತು. ಕರಿಯಾ ಯಾರೂ ಹೇಳದೆ ನೀರಿಗಿಳಿದು, ತನಗಿಂತ ದೊಡ್ಡದಾದ ಆ ಒದ್ದೆ ಬಟ್ಟೆಯನ್ನು ಎಳೆದುಕೊಂಡು ಪಾವಟಿಗೆಗೆ ಬಂತು. ಅವ್ವ ಒಗೆಯುವುದನ್ನು ನಿಲ್ಲಿಸಿ ಅದನ್ನು ನೋಡಿದಳು. ಆಮೇಲೆ ದಿನಾ ಏನಾದರೂ ಒಂದು ಬಟ್ಟೆ ಅವಳ ಕೈಯಿಂದ ಜಾರುತ್ತಿತ್ತು. ಉಳಿದ ನಾಲ್ಕು ಮರಿಗಳು ದಂಡೆಯ ಮೇಲೆ ಕೂತು ಪಾದ ಒದ್ದೆಯಾಗದಂತೆ ನೋಡಿಕೊಳ್ಳುತ್ತಿದ್ದವು. ಅವುಗಳ ಮೈತುಂಬ ಗುಂಗುರು ಆಗಲೇ ಕೂತಿತ್ತು. ಕರಿಯಾನ ಕೂದಲು ಎಣ್ಣೆ ಹಚ್ಚಿ ಬಾಚಿದಂತೆ ನೆಟ್ಟಗಿತ್ತು.

ಅಪ್ಪ ಬಂದ. ಮರುದಿನವೇ ರುಮಾಲು ಸುತ್ತಿ, ಕೋಟು ತೊಟ್ಟು ಕೂತ. ನಾಲ್ಕು ಮರಿ ಒದ್ದೆಯಾದವು, ಒಣಗಿದವು, ಕಾಯಂ ಆದವು. ಐದನೆಯದನ್ನು ನಾನೇ ಎತ್ತಿಕೊಂಡು ಹೋಗಿ ಕಲ್ಲಿನ ಮೇಲೆ ಬಿಟ್ಟೆ. ಅಪ್ಪ ತಂಬಿಗೆ ಸುರಿದ, ಕಾದ. ಒಣಗಿತು. ಬೆರಳಿನಿಂದ ಬೆನ್ನಿನ ಮೇಲೊಂದು ಸುರುಳಿ ಸುತ್ತಿ ಬಿಟ್ಟ. ಅದು ಮತ್ತೆ ನೆಟ್ಟಗಾಯಿತು.

"ನೀಲವ್ವಾ, ಇದಕ್ಕ ಹೆಸರಿಟ್ಟೀಯಂತಲ್ಲ."

"ಹೂಂ."

"ಏನಂತ?"

"ಕರಿಯಾ."

"ಕರಿಯಾ." ಅಪ್ಪ ಅದನ್ನು ಬಾಯಲ್ಲಿ ಹೊರಳಿಸಿ ನೋಡಿದ. "ಹೆಸರು ಛಲೋ ಐತಿ. ಬರ್ಖಾಸ್ತು."

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ದರ್ಬಾರಿನಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಕೇಳಿರಲಿಲ್ಲ.

"ಒಂದು ಮಾತು ಕೇಳ್ಲೇನ್ರಿ?"

"ಕೇಳು."

"ಇವು ನೀರಿನ ನಾಯಿ ಹೌದಲ್ರಿ?"

"ಹೌದು."

"ಮತ್ತ ಕೂದಲಾ ನೋಡಿ ತೆಗೀತೀರಲ್ರಿ. ಈಜು ನೋಡೀರೇನು ಒಮ್ಮೆರ? ಐದೂ ಕಾಲುವಿಗೆ ಹಾಕ್ರಿ. ದಂಡಿಗೆ ಬಂದದ್ದು ಇರ್ಲಿ, ಬರದ್ದು ಹೋಗ್ಲಿ."

ಅತ್ತೆ ಆರತಿ ತಟ್ಟೆ ಕೆಳಗಿಟ್ಟಳು.

"ಕೇಳಪಾ ತಮ್ಮಾ, ಬೇವೂರಾಕಿ ಮಾತಾ. ಅವರೂರಾಗ ಕುಡ್ಯಾಕ ನೀರಿಲ್ಲ, ಈಕಿ ಈಜಿನ ಸುದ್ದಿ ಹೇಳಾಕ ಬಂದ್ಲು."

ಆದರೆ ಅಪ್ಪನಿಗೆ ಮಾತು ಹಿಡಿಸಿತ್ತು. ಹೈದರಾಬಾದಿನ ಕಚೇರಿಗಳನ್ನು ಹೊಸದಾಗಿ ನೋಡಿ ಬಂದಿದ್ದ. ಮೀಸೆಯ ತುದಿಯನ್ನು ಕಚ್ಚಿ ಬಿಟ್ಟು, ಎದ್ದು ನಿಂತು ಹೇಳಿದ:

"ಕಾಯಂ ಆದವಕ್ಕ ಪರೀಕ್ಷಾ ಇಲ್ಲ. ಬರ್ಖಾಸ್ತ ಆದದ್ದಕ್ಕ ಅಪೀಲು ಐತಿ. ನಾಳಿ ಮುಂಜಾನಿ ನಟ್ಟನಡುವ ಒಗೀತೀನಿ. ತಾನಾಗೇ ಈಜಿ ಪಾವಟಿಗಿಗೆ ಬಂದ್ರ ಅದು ನೀಲವ್ವನ ನಾಯಿ, ಯಾರೂ ಮುಟ್ಟಂಗಿಲ್ಲ. ಬರದಿದ್ರ ನನ್ನ ಕಡೆ ಬರಬ್ಯಾಡ್ರಿ."

ಅವ್ವ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ಬಂದುಬಿಡುತ್ತಿತ್ತು. ಹುಗ್ಗಿ ಬಡಿಸುವಾಗ ಮಾತ್ರ ನನಗೆ ಒಂದು ಸೌಟು ಜಾಸ್ತಿ ಹಾಕಿ, ತನಗೂ ಹಾಕಿಕೊಂಡಳು. ಕಾಯಂ ಆದ ಆ ನಾಲ್ಕು ಮರಿಗಳ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಬೆಳೆದು ದೊಡ್ಡವಾಗಿ ಶಿಕಾರಿಯ ದಿನ ಅವು ಅತಿಥಿಗಳ ಎದುರಿಗೆ ದಂಡೆಯಲ್ಲಿ ಸಾಲಾಗಿ ಕೂತು, ಅತ್ತೆ ಮಾಂಸವನ್ನು ನೋಡುವಂತೆ ನೀರನ್ನು ನೋಡುತ್ತಿದ್ದವು. ಅವುಗಳ ಕೂದಲನ್ನು ಎಲ್ಲರೂ ಬಹಳ ಹೊಗಳಿದರಂತೆ.

ಮುಂಜಾನೆ ಕಾಲುವೆಯ ಮೇಲೆ ಹೊಗೆಯಂತೆ ಮಂಜು ಏಳುತ್ತಿತ್ತು. ಅಪ್ಪ, ಅವ್ವ, ಅತ್ತೆ, ನಾನು, ನನ್ನ ತೋಳಿನಲ್ಲಿ ಕರಿಯಾ. ಹಿಂದೆ ಬೇಗಂ. ಚೀಲ ಹೊರುವ ದಿನ ಬೇಗಂಳನ್ನು ಕಟ್ಟಿಹಾಕುವುದು ನಿಯಮವಾಗಿತ್ತು. ಇದು ಚೀಲದ ದಿನವಲ್ಲ, ಪರೀಕ್ಷೆಯ ದಿನ. ಪರೀಕ್ಷೆಗೆ ಇನ್ನೂ ನಿಯಮ ಹುಟ್ಟಿರಲಿಲ್ಲ. ನಾಯಿ ಯಜಮಾನನ ಹಿಂದೆ ಕಾಲುವೆಗೆ ಬರುವುದು ದಿನದ ಮಾತಾದ್ದರಿಂದ ನಾಲ್ವರಲ್ಲಿ ಯಾರಿಗೂ ಅದರ ಮೇಲೆ ಲಕ್ಷ್ಯ ಹೋಗಲಿಲ್ಲ. ಅಪ್ಪ ಕೊನೆಯ ಪಾವಟಿಗೆಗೆ ಇಳಿದು ಕರಿಯಾನನ್ನು ಕತ್ತಿನ ತೊಗಲು ಹಿಡಿದು ಎತ್ತಿ, ಕೈ ಹಿಂದಕ್ಕೆ ಬೀಸಿ, ಕಾಲುವೆಯ ನಡುವಿಗೆ ಎಸೆದ.

ಅದು ಮುಳುಗಿ ಎದ್ದಿತು. ಮೂಗು ಮೇಲೆ ಮಾಡಿ, ಕಿವಿ ನೀರಿನ ಮೇಲೆ ಹರವಿ, ನೂಲು ಹಿಡಿದಂತೆ ನೆಟ್ಟಗೆ ನಮ್ಮ ಕಡೆಗೆ ಬರತೊಡಗಿತು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅರ್ಧ ಬಂದಿತ್ತು. ಅಷ್ಟರಲ್ಲಿ ಬೇಗಂ ಅವ್ವನ ಮತ್ತು ನನ್ನ ನಡುವಿನಿಂದ ನೀರಿಗೆ ಹಾರಿತು. ಎಸೆದದ್ದನ್ನು ತರುವುದು ಅದರ ವಿದ್ಯೆ, ಅದರಲ್ಲಿಯೂ ಇದು ಅದರದ್ದೇ ಮರಿ. ನಾಲ್ಕು ಬೀಸಿಗೆ ಮರಿಯನ್ನು ಮುಟ್ಟಿ, ಎದೆಯ ಹತ್ತಿರ ಬಾಯಿ ಹಾಕಿ ಹಿಡಿದು, ತಿರುಗಿ ಬಂದು, ಪಾವಟಿಗೆ ಏರಿ, ಅಪ್ಪನ ಅಂಗೈ ಮೇಲೆ ಇಟ್ಟು ಎದುರಿಗೆ ಕೂತಿತು. ಅಪ್ಪನ ಇನ್ನೊಂದು ಕೈ ತಾನಾಗಿಯೇ ಕೋಟಿನ ಕಿಸೆಗೆ ಹೋಯಿತು. ಒಂದು ಚೂರು ಬೆಲ್ಲ ತೆಗೆದು ಅದರ ಬಾಯಿಗಿಟ್ಟ. ತಂದ ನಾಯಿಗೆ ಬೆಲ್ಲ ಕೊಡಬೇಕು. ಆಮೇಲೆ ಯೋಚನೆ ಮಾಡಿದ.

"ಇದು ಲೆಕ್ಕಕ್ಕಿಲ್ಲ."

"ಈಜಿದ್ದು ನೀವು ನೋಡ್ಲಿಲ್ಲೇನ್ರಿ? ಅರ್ಧ ಹಾದಿ ಬಂದಿತ್ತಲ್ರಿ," ಅಂದಳು ಅವ್ವ.

"ಅರ್ಧ ಅದು ಬಂತು. ಉಳಿದ ಅರ್ಧ ಬೇಗಂನ ಬಾಯಾಗ ಬಂತು. ಅಕ್ಕಾ, ಇದರ ಪಟ್ಟಾ ಹಿಡಿ."

ಅತ್ತೆ ಮಡಿಯ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬೇಗಂಳ ಕೊರಳಪಟ್ಟಿ ಹಿಡಿದು ಕೂತಳು. ಅಪ್ಪ ಮತ್ತೆ ಎಸೆದ. ಬೇಗಂ ಅತ್ತೆಯನ್ನೂ ಕರೆದುಕೊಂಡೇ ನೀರಿಗೆ ಹೊರಟಿತು. ಎರಡು ಪಾವಟಿಗೆ ಜಾರಿ, ಮೊಣಕಾಲು ತರಚಿಕೊಂಡು, ಸೊಂಟದವರೆಗೆ ನೀರಿನಲ್ಲಿ ಕೂತ ಮೇಲೆ ಅತ್ತೆ ಪಟ್ಟಿ ಬಿಟ್ಟಳು. ಮರಿ ಮತ್ತೆ ಬಾಯಲ್ಲಿ ಬಂತು. ಅಪ್ಪ ಮತ್ತೆ ಬೆಲ್ಲ ಕೊಟ್ಟ. ನಾಯಿ ತನ್ನ ಕೆಲಸ ಮಾಡಿದೆ, ಅದಕ್ಕೆ ಅನ್ಯಾಯವಾಗಬಾರದು. ಕರಿಯಾ ಮೂಗಿನಿಂದ ನೀರು ಬಿಡುತ್ತ ನಡುಗುತ್ತಿತ್ತು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಸಾಕ್ರಿ. ಕೂಸು ನಡಗಾಕತ್ತೈತಿ. ಈಜು ಬರತೈತಿ ಅಂತ ಗೊತ್ತಾತಲ್ರಿ."

"ಅಪೀಲು ಬೇಡಿದಾಕಿ ನೀನು."

"ಬೇಡಿದ್ದು ತಪ್ಪಾತ್ರಿ. ನಾಯಿ ಬ್ಯಾಡ್ರಿ, ಅದನ್ನ ಬೇವೂರಿಗೆ ಕಳಿಸಿಬಿಡೂಣ್ರಿ. ಅಲ್ಲೇ ಇರ್ಲಿ."

"ಎಲ್ಲಾನೂ ಬೇವೂರಿಗೆ ಕಳಿಸಿದ್ರ ಬೇವೂರಿನವರು ಎಲ್ಲಿಗೆ ಕಳಸಬೇಕು?"

ಅತ್ತೆ ಒದ್ದೆ ಸೀರೆ ಹಿಂಡುತ್ತಿದ್ದವಳು ನಕ್ಕುಬಿಟ್ಟಳು. ಅಪ್ಪ ಅವ್ವನ ಸೆರಗಿನಿಂದ ಮರಿಯನ್ನು ಬಿಡಿಸಿಕೊಂಡ.

ಈ ಸಲ ಅಪ್ಪ ಸರಪಳಿ ತರಿಸಿದ. ಪಾವಟಿಗೆಯಿಂದ ಮೇಲಕ್ಕೆ, ನೀರು ಬರುವ ದಿಕ್ಕಿನಲ್ಲಿ, ದಂಡೆಯ ಮೇಲೆ ಒಂದು ಜಾಲಿಮರವಿತ್ತು. ಬೇಗಂಳನ್ನು ಅದಕ್ಕೆ ಬಿಗಿದು, ಎಳೆದು ನೋಡಿ, ತಿರುಗಿ ಬಂದು ಮೂರನೆಯ ಸಲ ಎಸೆದ. ಬೊಗಳಿದರೆ ಹಕ್ಕಿ ಹಾರುತ್ತವೆಂದು ನಮ್ಮ ನಾಯಿಗಳಿಗೆ ಬೊಗಳುವ ಅಭ್ಯಾಸವನ್ನೇ ಬಿಡಿಸಿದ್ದರು. ಬೇಗಂ ಬೊಗಳಲಿಲ್ಲ. ಕೊರಳು ಸರಪಳಿಯಲ್ಲಿ ಬಿಗಿದುಕೊಂಡು ಊಳಿಟ್ಟಿತು. ಕರಿಯಾ ನೀರಿನಿಂದ ತಲೆಯೆತ್ತಿ ಮೊದಲು ನಮ್ಮ ಕಡೆಗೇ ತಿರುಗಿತ್ತು. ಊಳು ಕೇಳಿತು. ತಲೆ ಆ ಕಡೆ ಹೊರಳಿತು. ಪಾವಟಿಗೆ ಬಿಟ್ಟು ಜಾಲಿಮರದ ಕಡೆಗೆ, ಹರಿಯುವ ನೀರಿಗೆ ಎದುರಾಗಿ, ತಾಯಿಯತ್ತ ಈಜತೊಡಗಿತು.

"ಕರಿಯಾ, ಇಲ್ಲಿ ಬಾ. ಇಲ್ಲಿ ಬಾರೋ," ಎಂದೆ ನಾನು. ಅದರ ಕಿವಿ ನಿಮಿರಿ ನನ್ನ ಕಡೆ ಒಮ್ಮೆ ತಿರುಗಿತು. ಅಪ್ಪನ ಅಂಗೈ ಹಿಂದಿನಿಂದ ಬಂದು ನನ್ನ ಬಾಯಿಯನ್ನು ಮುಚ್ಚಿತು.

"ಕೂಗಿ ಕರಿಯಂಗಿಲ್ಲ. ತಾನಾಗೇ ಬರಬೇಕು."

ಆ ಕೈಗೆ ಬೆಲ್ಲದ ವಾಸನೆಯಿತ್ತು. ನಾನು ಅದರ ಮೇಲಿನಿಂದ ನೋಡುತ್ತಿದ್ದೆ. ಮರಿಯ ಕಾಲು ಆಡುತ್ತಿದ್ದವು, ನೀರು ಹರಿಯುತ್ತಿತ್ತು, ಮರಿ ಇದ್ದಲ್ಲಿಯೇ ಇತ್ತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮಂಜು ಕರಗಿ ಗದ್ದೆಯ ಮೇಲೆ ಬಿಸಿಲು ಬಿದ್ದರೂ ಅದು ಅಲ್ಲೇ, ನೀರಿಗೆ ಮೊಳೆ ಹೊಡೆದಂತೆ, ಈಜುತ್ತಲೇ ಇತ್ತು. ಅಪ್ಪ ನನ್ನ ತಲೆಯ ಮೇಲಿನಿಂದ ಬಗ್ಗಿ ನೋಡಿದ. ಅವನ ದನಿ ಬದಲಾಗಿತ್ತು. ಒಳ್ಳೆಯ ಕುದುರೆ ಕಂಡವರ ದನಿ ಅದು.

"ಏನ್ ಈಜತೈತಿ ನೋಡಲೇ. ಇಂಥಾ ಈಜು ನಾ ನೋಡಿದ್ದಿಲ್ಲ."

ಅವ್ವ ನೀರಿಗಿಳಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಸೊಂಟದವರೆಗೆ ಹೋಗುವಷ್ಟರಲ್ಲಿ ಅತ್ತೆ ಅವಳ ಜಡೆ ಹಿಡಿದು ನಿಲ್ಲಿಸಿದಳು. ಅವ್ವ ಅಲ್ಲಿಂದಲೇ ಕೈ ಚಾಚಿದಳು. ಮರಿಗೂ ಅವಳ ಬೆರಳಿಗೂ ನಡುವೆ ಎರಡು ಮಾರು ನೀರಿತ್ತು. ಬೇಗಂಳ ಕೊರಳು ಕಟ್ಟಿ ದನಿ ನಿಂತಿತು. ದನಿ ನಿಂತ ಮೇಲೆ ಮರಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕಿತು. ಆಮೇಲೆ ಅದರ ಮೂಗು ನೀರಿಗಿಳಿಯಿತು, ಎದ್ದಿತು, ಇಳಿಯಿತು. ಪಾವಟಿಗೆಯ ಮುಂದಿನಿಂದಲೇ, ಕೈಗೆ ಸಿಗದಷ್ಟು ದೂರದಲ್ಲಿ, ಕರಿಯ ಬಟ್ಟೆಯಂತೆ ತೇಲಿಹೋಯಿತು.

ಅಪ್ಪ ನನ್ನ ಬಾಯಿಯಿಂದ ಕೈ ತೆಗೆದ. ಜಾಲಿಮರದ ಬಳಿಗೆ ಹೋಗಿ ಸರಪಳಿ ಬಿಚ್ಚಿದ. ಕೈ ನೀರಿನ ಕಡೆ ಚಾಚಿ, ಶಿಕಾರಿಯ ದಿನದ ದನಿಯಲ್ಲಿ ಒಂದೇ ಮಾತು ಹೇಳಿದ:

"ಲಾವ್."

ಬೇಗಂ ಹಾರಿತು. ಕಾಲುವೆ ತಿರುಗುವಲ್ಲಿ ಮರೆಯಾಗಿ, ಬಹಳ ಹೊತ್ತಿನ ಮೇಲೆ ದಂಡೆಯ ಹುಲ್ಲಿನಲ್ಲಿ ನಡೆದುಕೊಂಡು ಬಂತು. ಬಾಯಲ್ಲಿ ಮರಿ, ಎರಡೂ ಬದಿಗೆ ಜೋತಿತ್ತು. ಅಪ್ಪನ ಅಂಗೈ ಮೇಲೆ ಇಟ್ಟು, ಎದುರಿಗೆ ಕೂತು, ಇನ್ನೂ ಏನಾದರೂ ತರುವುದಿದೆಯೋ ಎಂದು ನೀರನ್ನೊಮ್ಮೆ ಅಪ್ಪನ ಮುಖವನ್ನೊಮ್ಮೆ ನೋಡಿತು. ಅಪ್ಪ ಮರಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಗೆರೆಯೂ ಬಿದ್ದಿರಲಿಲ್ಲ. ಪಾವಟಿಗೆಯ ಮೇಲೆ ಅದನ್ನು ಮಲಗಿಸಿ ನನ್ನ ಕಡೆ ತಿರುಗಿ, ಗದ್ದ ಹಿಡಿದು ಮುಖ ಮೇಲೆತ್ತಿದ. ನನ್ನ ಕಣ್ಣು ಒಣಗಿದ್ದವು. ಅಪ್ಪ ನೀರಿನಲ್ಲಿ ನಿಂತಿದ್ದ ಅವ್ವನಿಗೆ ಕೇಳುವಂತೆ ಹೇಳಿದ:

"ನೋಡು. ಒಂದು ಹನಿ ಬಂದಿಲ್ಲ. ಈಕಿ ನನ್ನ ಮಗಳು."

ಕಿಸೆಯಲ್ಲಿ ಉಳಿದಿದ್ದ ಬೆಲ್ಲದ ಚೂರನ್ನು ತೆಗೆದು ಹಲ್ಲಿನಿಂದ ಎರಡು ಮಾಡಿದ. ಒಂದನ್ನು ಬೇಗಂಳ ಮುಂದೆ ಹಿಡಿದ, ಒಂದನ್ನು ನನ್ನ ಮುಂದೆ ಹಿಡಿದ. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ನಾವಿಬ್ಬರೂ ನುಂಗುವ ತನಕ ಅಪ್ಪ ಕಾದು ನಿಂತ.